ಮಗು ಈಗ ಮೂರನೇ ಕ್ಲಾಸು. ವರ್ಷದ ಕೊನೆಗೆ ಏನೇನು ಬರಬೇಕು?

ಚಿಕ್ಕ ಮಕ್ಕಳ ಓದು-ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಯನ್ನೇ ಅಳತೆಗೋಲು ಮಾಡಿಕೊಳ್ಳಿ: ಮೂರನೇ ತರಗತಿ ಮುಗಿಯುವಾಗ ಹೊಸ ಪಾಠವೊಂದನ್ನು ನಿಮಿಷಕ್ಕೆ ಕನಿಷ್ಠ 60 ಪದದಂತೆ ಅರ್ಥ ಮಾಡಿಕೊಂಡು ಓದಬೇಕು, 9999ರವರೆಗೆ ಸಂಖ್ಯೆ ಓದಿ ಬರೆಯಬೇಕು. ಕನ್ನಡದ ಪದಗಳು ಉದ್ದ, ಹಾಗಾಗಿ ಗಡಿಯಾರ ಹಿಡಿದು ಕೂರಬೇಡಿ. ಓದಿದ್ದನ್ನು ತನ್ನ ಮಾತಲ್ಲಿ ಹೇಳುತ್ತದಾ ಅಂತ ನೋಡಿ.

ಹೆಚ್ಚು ಮಕ್ಕಳು ಎಡವುವುದು ದಶಕ ಸಹಿತ (ಪಕ್ಕದ ಸ್ಥಾನದಿಂದ ಸಾಲ ತಂದು) ಕಳೆಯುವ ಲೆಕ್ಕದಲ್ಲಿ, ಅದರಲ್ಲೂ ನಡುವೆ ಸೊನ್ನೆ ಇದ್ದರೆ. 402ರಲ್ಲಿ 178 ಕಳೆ ಅಂದರೆ 376 ಅಂತ ಬರೆದಿರುತ್ತದೆ. ಇದು ಅಜಾಗರೂಕತೆಯಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ಅಷ್ಟೇ. ಹತ್ತತ್ತು ಕಡ್ಡಿಗಳ ಕಟ್ಟು ಕಟ್ಟಿ, ಅಂಥ ಹತ್ತು ಕಟ್ಟು ಸೇರಿಸಿ ನೂರು ಮಾಡಿ. ಒಂದು ನೂರು ಬಿಚ್ಚಿದರೆ 10 ದಶಕ, ಅದರಲ್ಲೊಂದು ಬಿಚ್ಚಿದರೆ 10 ಬಿಡಿ. ಈಗ 3 ನೂರು, 9 ದಶಕ, 12 ಬಿಡಿ ಇವೆ, ಉತ್ತರ 224. ಮಗ್ಗಿ ಬಾಯಿಪಾಠ ಆಗಲಿ, ಆದರೆ 4 ಸಾಲಲ್ಲಿ ಆರಾರು ಹುಣಸೆಬೀಜ ಜೋಡಿಸಿ ತೋರಿಸಿದ ಮೇಲೆ.

ಬರಹದಲ್ಲಿ ಒತ್ತಕ್ಷರ ಬಿಟ್ಟುಹೋಗುತ್ತದೆ. ‘ಕತ್ತೆ’ ಹೋಗಿ ‘ಕತೆ’ ಆಗುತ್ತದೆ! ದಿನಕ್ಕೆ 5 ಪದ ಉಕ್ತಲೇಖನ ಸಾಕು. ತಪ್ಪನ್ನು ಮಗುವೇ ಹುಡುಕಲಿ.

ಸರ್ಕಾರಿ ಕನ್ನಡ ಶಾಲೆಯಾದರೆ ಕಾರ್ಡು, ಗುಂಪುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕೊನೆಯ ವರ್ಷ ಇದು. ನಾಲ್ಕರಲ್ಲಿ ಕಾರ್ಡು, ಗುಂಪು ಬಿಟ್ಟು ಪಠ್ಯಪುಸ್ತಕಕ್ಕೆ ಹೊಂದಿಕೊಳ್ಳಬೇಕು. ಜನವರಿಯಿಂದಲೇ ಒಂದೊಂದು ಪುಟ ತಾನಾಗಿ ಓದುವ ರೂಢಿ ಮಾಡಿಸಿ.