ಲಿಫ್ಟಿನ ಸ್ಟೀಲ್ ಗೋಡೆಗೆ ಬಿದ್ದ ಗೀರು

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಮನೆ ಬದಲಿಸುವಾಗ ಫ್ರಿಜ್ ತಗುಲಿ ಲಿಫ್ಟಿನ ಒಳಗೋಡೆಯಲ್ಲಿ ಉದ್ದುದ್ದ ಗೀರುಗಳಾಗಿವೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರಿನಿಂದ ಉಜ್ಜಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಬೇಡ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕನಿಷ್ಠ ಶೇ 10.5ರಷ್ಟು ಇರುವ ಕ್ರೋಮಿಯಂ, ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ರಕ್ಷಾಪದರವನ್ನು ಕಟ್ಟುತ್ತದೆ. ಕಬ್ಬಿಣದ ನಾರಿನ ಚೂರುಗಳು ಅದರ ಮೇಲೆ ಕಚ್ಚಿಕೊಂಡು ಉಳಿದರೆ, ಅವು ತುಕ್ಕು ಹಿಡಿದು ಗೋಡೆಯಲ್ಲೇ ಕಂದು ಚುಕ್ಕೆಗಳು ಮೂಡುತ್ತವೆ.

ಮೊದಲು ಗೋಡೆಯನ್ನು ಹತ್ತಿರದಿಂದ ಗಮನಿಸಿ. ಒಂದೇ ದಿಕ್ಕಿನಲ್ಲಿ ಸಾಗುವ ಕೂದಲೆಳೆಯಂಥ ಗೆರೆಗಳು ಕಂಡರೆ, ಸಣ್ಣ ಗೀರುಗಳನ್ನು ಅವುಗಳಲ್ಲೇ ಮರೆಸಬಹುದು. ಲಿಫ್ಟನ್ನು ನಿರ್ವಹಣೆಯ ತಂತ್ರಜ್ಞರಿಂದಲೇ ನಿಲ್ಲಿಸಿ, ಗುಂಡಿಗಳ ಫಲಕಕ್ಕೂ ಅಕ್ಕಪಕ್ಕದ ಅಂಚುಗಳಿಗೂ ಟೇಪ್ ಅಂಟಿಸಿ, ಬಾಗಿಲು ಜಾರುವ ಹಳಿಯೊಳಗೆ ಪುಡಿ ಬೀಳದಂತೆ ಬಟ್ಟೆ ಮುಚ್ಚಿ. ಜಿಡ್ಡನ್ನು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ತೆಗೆದು ಒರೆಸಿದ ಮೇಲೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನೈಲಾನ್ ನಾರಿನ ಸ್ಟೀಲ್ ಪಾಲಿಶ್ ಪ್ಯಾಡನ್ನು ಚಪ್ಪಟೆಯಾದ ಮರದ ತುಂಡಿಗೆ ಸುತ್ತಿ, ಗೆರೆಗಳ ದಿಕ್ಕಿನಲ್ಲೇ, ಸಮನಾದ ಒತ್ತಡದಲ್ಲಿ, ಫಲಕದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಿಲ್ಲಿಸದೆ ಎಳೆಯಿರಿ. ಗೀರಿನ ಮೇಲಷ್ಟೇ ತಿಕ್ಕಿದರೆ, ಅದಕ್ಕಿಂತ ಎದ್ದು ಕಾಣುವ ಹೊಳಪಿನ ಪಟ್ಟೆಯೊಂದು ಉಳಿದುಬಿಡುತ್ತದೆ; ದುಂಡಗೆ ತಿಕ್ಕುವುದಂತೂ ಗೋಡೆಯನ್ನೇ ಕೆಡಿಸಿದಂತೆ. ಮೊದಲು ಕೆಳಮೂಲೆಯಲ್ಲಿ ಸ್ವಲ್ಪ ಉಜ್ಜಿ ನೋಡಿ, ಪ್ಯಾಡಿನ ಗೆರೆ ಗೋಡೆಯ ಗೆರೆಗೆ ಹೊಂದಿದರೆ ಮಾತ್ರ ಮುಂದುವರಿಸಿ.

ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಗೀರಿಗೆ ಇದು ಸಾಲದು. ಅದಕ್ಕೆ ಒರಟು ಉಪ್ಪುಕಾಗದದಿಂದ ಆರಂಭಿಸಿ ಹಂತಹಂತವಾಗಿ ನಯವಾದುದಕ್ಕೆ ಬರಬೇಕಾಗುತ್ತದೆ. ಆ ಕೆಲಸವನ್ನು ಪಾಲಿಶ್ ಮಾಡುವ ಪರಿಣತರಿಗೇ ವಹಿಸುವುದು ಮೇಲು. ಕನ್ನಡಿಯಂತೆ ಹೊಳೆಯುವ ಗೋಡೆಯನ್ನೂ ನೀವು ಮುಟ್ಟಬೇಡಿ, ಏಕೆಂದರೆ ಅಲ್ಲಿ ಗೀರನ್ನು ಮರೆಸಲು ಗೆರೆಗಳೇ ಇರುವುದಿಲ್ಲ. ಚಿನ್ನದ ಬಣ್ಣದ ಸ್ಟೀಲ್ ಆದರೆ, ಬಣ್ಣವಿರುವುದು ಮೇಲಿನ ತೆಳು ಲೇಪದಲ್ಲಿ ಮಾತ್ರ. ಉಜ್ಜಿದರೆ ಅದೂ ಹೋಗುತ್ತದೆ. ಅಂಥ ಫಲಕವನ್ನು ಬದಲಿಸುವುದೇ ದಾರಿ.

ಕೆಲಸ ಮುಗಿದ ಮೇಲೆ ಪುಡಿಯನ್ನು ಒದ್ದೆ ಬಟ್ಟೆಯಿಂದ ಪೂರ್ತಿ ತೆಗೆದು, ಮೆತ್ತನೆಯ ಒಣಬಟ್ಟೆಯಿಂದ ಒರೆಸಿಸಿ. ಶೌಚಾಲಯ ತೊಳೆಯುವ ಆಸಿಡ್ಡನ್ನಾಗಲಿ ಬ್ಲೀಚನ್ನಾಗಲಿ ಹತ್ತಿರ ತರಬಾರದೆಂದು ಸ್ವಚ್ಛತೆಯ ಸಿಬ್ಬಂದಿಗೆ ತಿಳಿಸಿ. ಅವುಗಳಲ್ಲಿರುವ ಕ್ಲೋರಿನ್ ಅಂಶ ರಕ್ಷಾಪದರವನ್ನು ಕೊರೆದು ಸೂಜಿಮೊನೆಯಂಥ ಗುಳಿಗಳನ್ನು ಮಾಡುತ್ತದೆ.