ಮೂರೇ ಬಾರಿ ಶಾಸಕ, ಒಮ್ಮೆಯೂ ಮಂತ್ರಿಯಲ್ಲ. ಶಾಂತವೇರಿ ಗೋಪಾಲಗೌಡರಿಗೆ ಯಾಕಿಷ್ಟು ಹೆಸರು?

ಉತ್ತರ: ಗೇಣಿದಾರನ ಕಷ್ಟವನ್ನು ಗದ್ದೆಯಿಂದ ನೇರ ವಿಧಾನಸಭೆಗೆ ತಂದಿದ್ದಕ್ಕೆ.

ಆಗ ಮಲೆನಾಡಿನಲ್ಲಿ ಜಮೀನು ಒಡೆಯನದ್ದು, ದುಡಿಮೆ ಗೇಣಿದಾರನದ್ದು. ಬೆಳೆದ ಭತ್ತದಲ್ಲಿ ಒಡೆಯನಿಗೆ ಗೇಣಿ ಅಳೆದು ಕೊಡಬೇಕು. ಅಳೆಯುವುದು ಕೊಳಗದಲ್ಲಿ. ಆ ಕೊಳಗವೇ ದೊಡ್ಡದಿದ್ದರೆ? ಲೆಕ್ಕದಲ್ಲಿ ಗೇಣಿ ಅಷ್ಟೇ, ಆದರೆ ಮನೆಯಿಂದ ಹೋಗುವ ಭತ್ತ ಜಾಸ್ತಿ. ಸಾಗರದ ಹತ್ತಿರದ ಕಾಗೋಡಿನಲ್ಲಿ ಈ ಕೊಳಗದ ಜಗಳವೇ 1951ರ ಸತ್ಯಾಗ್ರಹಕ್ಕೆ ಕಿಡಿ. ಸಮಾಜವಾದಿ ಪಕ್ಷದ ಗೋಪಾಲಗೌಡರು ಅದರ ಮುಂಚೂಣಿಯಲ್ಲಿದ್ದರು. ಸಮಾಜವಾದಿಗಳ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು.

ಮರುವರ್ಷವೇ ಚುನಾವಣೆ. ಕೈಯಲ್ಲಿ ಕಾಸಿಲ್ಲ. ಜನರ ಹತ್ತಿರ ‘ಒಂದು ಓಟು, ಒಂದು ನೋಟು’ ಕೇಳಿದರು. ಈಗ ನೋಟು ಹೋಗುವ ದಿಕ್ಕೇ ಉಲ್ಟಾ, ಅಲ್ವಾ! ಸಾಗರ–ಹೊಸನಗರದಿಂದ ಗೆದ್ದರು. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಬಂದರು.

ಕೂತಿದ್ದು ವಿರೋಧ ಪಕ್ಷದಲ್ಲಿ, ಹಾಗಾಗಿ ಕಾನೂನು ಮಾಡುವ ಬಲ ಇರಲಿಲ್ಲ. ಅವರ ಕೆಲಸ ಬೇರೆ ಥರದ್ದು: ‘ಉಳುವವನೇ ಹೊಲದೊಡೆಯ’ ಅನ್ನುವ ಮಾತನ್ನು ಸದನ ಮರೆಯದ ಹಾಗೆ ನೋಡಿಕೊಂಡರು. ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಬೆಳೆದಿದ್ದೂ ಇದೇ ಸಮಾಜವಾದಿ ಗರಡಿಯಲ್ಲಿ. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು.

ಗೇಣಿ ಪದ್ಧತಿಯನ್ನು ಕೊನೆಗೊಳಿಸಿದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಯಾಗಿದ್ದು 1974ರಲ್ಲಿ, ದೇವರಾಜ ಅರಸು ಸರ್ಕಾರದಿಂದ. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು.