ಮೂರು ವಾರದ ಮರಿಗೆ ಚಿಗಟದ ಔಷಧಿ ಬೇಡ

ಮೂರು ವಾರದ ಬೆಕ್ಕಿನ ಮರಿಯ ಮೈತುಂಬ ಚಿಗಟ, ನಾಯಿಗೆ ತಂದ ಔಷಧಿಯನ್ನೇ ಎರಡು ಹನಿ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ನಾಯಿಯ ಎಷ್ಟೋ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ, ಬೆಕ್ಕಿಗೆ ಅದು ವಿಷ. ಕರ್ಪೂರ, ಬೇವಿನೆಣ್ಣೆಯೂ ಬೇಡ.

ಮೊದಲು ವಸಡು ನೋಡಿ. ಬಿಳಿಚಿಕೊಂಡಿದ್ದರೆ ಅಥವಾ ಮರಿ ಹಾಲು ಕುಡಿಯದಿದ್ದರೆ ಮೈ ತೊಳೆಯಬೇಡಿ, ಇವತ್ತೇ ಡಾಕ್ಟರ ಹತ್ತಿರ ಓಡಿ. ಚಿಗಟ ಇಷ್ಟು ಚಿಕ್ಕ ಮರಿಯ ರಕ್ತ ಹೀರಿಯೇ ಕೊಲ್ಲಬಹುದು.

ವಸಡು ಗುಲಾಬಿ ಇದ್ದರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಮೊದಲು ಕುತ್ತಿಗೆ ಸುತ್ತ ನೊರೆ ಹಚ್ಚಿ, ಇಲ್ಲದಿದ್ದರೆ ಚಿಗಟಗಳೆಲ್ಲ ಮುಖಕ್ಕೆ ಓಡುತ್ತವೆ. ಮುಖಕ್ಕೆ ನೀರು ತಾಗಿಸಬೇಡಿ. ಬೇಗ ಮುಗಿಸಿ, ಹೇನಿನ ಬಾಚಣಿಗೆಯಲ್ಲಿ ಬಾಚಿ. ನಮ್ಮ ಮರಿಯನ್ನು ಬಾಚಿದಾಗ ಬಿಳಿ ಬಟ್ಟೆ ಮೇಲೆ ಕರಿ ಪುಡಿ ಬಿತ್ತು, ಅದು ಚಿಗಟದ ಹಿಕ್ಕೆ. ಒದ್ದೆಯಾದ ಕೂಡಲೇ ಕೆಂಪಾಯಿತು. ಎಲ್ಲಾ ಅದರದ್ದೇ ರಕ್ತ. ನೋಡಿ ತುಂಬಾ ಸಂಕಟ ಆಯಿತು.

ಉಡುಪಿಯ ಈ ಮಳೆಗೆ ಬಟ್ಟೆಯೇ ಒಣಗುವುದಿಲ್ಲ, ಅಲ್ವಾ? ಮರಿಯನ್ನು ಚೆನ್ನಾಗಿ ಒರೆಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕ ಮಲಗಿಸಿ. ಅದರ ಹಾಸನ್ನು ಕುದಿನೀರಲ್ಲಿ ಒಗೆಯಿರಿ. ತಾಯಿ ಬೆಕ್ಕಿಗೆ ಏನು ಹಾಕಬಹುದು ಅಂತ ಡಾಕ್ಟರನ್ನೇ ಕೇಳಿ.